ಮೇ ತಿಂಗಳಲ್ಲಿ ಕೊಳ್ಳಕ್ಕೆ ಇಳಿದಿದ್ದೆವು, ಹತ್ತಿ ಬರುವಷ್ಟರಲ್ಲಿ ಸಾಕುಬೇಕಾಯ್ತು

ಕೋಟೆ ಕೆಳಗಿನವನು

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಾವು ಮೂರು ಜನ ಚಿತ್ರದುರ್ಗದ ಹತ್ತಿರ ಜೋಗಿಮಟ್ಟಿ ಕಡೆಯ ಗುಡ್ಡಸಾಲಿನಲ್ಲಿ ಒಂದು ಕೊಳ್ಳಕ್ಕೆ ಇಳಿದು ಬಂದೆವು. ಯಾವ ಕೊಳ್ಳ ಅಂತ ಹೇಳಲ್ಲ, ಕೇಳಬೇಡಿ, ಕಾರಣ ಆಮೇಲೆ ಹೇಳ್ತೀನಿ. ಅರಣ್ಯ ಇಲಾಖೆಯಿಂದ ಅನುಮತಿ ತಗೊಂಡೇ ಹೋಗಿದ್ದು, ಜೊತೆಗೆ ಕಾಡು ಕಾಯೋ ಒಬ್ಬ ವಾಚರ್ ಅಣ್ಣ ಕೂಡ ಬಂದಿದ್ದ. ಆದರೂ ಎಡವಟ್ಟಾಯ್ತು. ತಪ್ಪು ಪೂರ್ತಿ ನಮ್ಮದೇ.

ಬೆಳಿಗ್ಗೆ ಐದೂಕಾಲಿಗೆ ಮನೆ ಬಿಟ್ಟೆವು. ನಾನು, ದಾವಣಗೆರೆಯಿಂದ ಬಂದಿದ್ದ ಭಾವಮೈದ, ಮತ್ತೆ ನನ್ನ ಜೊತೆ ಕೆಲಸ ಮಾಡುವ ಗೆಳೆಯ. ತಲಾ 3 ಲೀಟರ್ ನೀರು, ಪುಳಿಯೋಗರೆ, ಒಂದು ಚೀಲ ಮಂಡಕ್ಕಿ, ಬಾಳೆಹಣ್ಣು. ಗುಡ್ಡದ ಮೇಲಿನಿಂದ ಆರೂವರೆಗೆ ಇಳಿಯೋಕೆ ಶುರು ಮಾಡಿದೆವು. ತಣ್ಣನೆ ಗಾಳಿ, ನವಿಲು ಕೂಗುತ್ತಿತ್ತು, ಕವಳೆ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕಪ್ಪಾಗಿತ್ತು. ಕಡಿದಾದ ದಾರಿ, ಕಾಲಡಿ ಸಣ್ಣ ಕಲ್ಲು ಜಾರುತ್ತಿತ್ತು, ಆದರೂ ಎಂಟೂಕಾಲಿಗೆಲ್ಲ ತಳ ಮುಟ್ಟಿದ್ದೆವು. ಇಷ್ಟೇನಾ ಅನ್ನಿಸ್ತು. ಅದೇ ನೋಡಿ ಮೋಸ.

ತಳದಲ್ಲಿ ಬಂಡೆಗಳ ನಡುವೆ ಒಂದು ಗುಂಡಿ. ನೀರಿತ್ತು, ಆದರೆ ಹಸಿರು ಪಾಚಿ ಕಟ್ಟಿ ಕುಡಿಯೋ ಹಾಗಿರಲಿಲ್ಲ. ಅಲ್ಲೇ ಕೂತು ತಿಂಡಿ ತಿಂದೆವು, ಫೋಟೋ ತೆಗೆದೆವು. ನಮ್ಮ ಭಾವಮೈದ ಪುಟ್ಟ ಸ್ಟವ್ ಬೇರೆ ತಂದಿದ್ದ, ಕಾಫಿ ಮಾಡ್ತೀನಿ ಅಂತ. ಒಣ ಹುಲ್ಲಿನ ಜಾಗದಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ ಅಂತ ವಾಚರ್ ಅಣ್ಣ ಅದನ್ನು ಚೀಲಕ್ಕೆ ವಾಪಸ್ ಹಾಕಿಸಿದ. ಒಳ್ಳೆಯದೇ ಆಯ್ತು. ಆದರೆ ಕೈ ತೊಳೆಯೋಕೆ, ಮುಖ ತೊಳೆಯೋಕೆ, ಡಬ್ಬಿ ತೊಳೆಯೋಕೆ ಅಂತ ಒಂದೂವರೆ ಲೀಟರ್ ಕುಡಿಯೋ ನೀರು ಚೆಲ್ಲಿದೆವು. ಡಬ್ಬಿ ತೊಳೆದಿದ್ದು ನಾನೇ. ಈಗ ನೆನಪಾದರೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತೆ.

ಎಂಟೂವರೆಗೆ ವಾಚರ್ ಅಣ್ಣ ‘ಏಳಿ ಸರ್, ಬಿಸಿಲು ಏರುತ್ತೆ’ ಅಂದ. ಇರಣ್ಣ ಇನ್ನೊಂದು ಸ್ವಲ್ಪ ಹೊತ್ತು ಅಂದೆವು. ಒಂಬತ್ತೂವರೆಗೆ ಮತ್ತೆ ಹೇಳಿದ. ನಾವು ಕೊಳ್ಳದ ತಳದಲ್ಲೇ ಇನ್ನೊಂದು ತಿರುವು ನೋಡಿಕೊಂಡು ಬರೋಣ ಅಂತ ಮುಂದೆ ಹೋದೆವು. ಹತ್ತೋಕೆ ಶುರು ಮಾಡಿದಾಗ ಹತ್ತೂಮುಕ್ಕಾಲು. ಮೂರನೇ ಸಲ ಅವನು ಏನೂ ಹೇಳಲಿಲ್ಲ, ಸುಮ್ನೆ ಟವೆಲ್ ತಲೆಗೆ ಸುತ್ತಿಕೊಂಡು ಮುಂದೆ ನಡೆದ.

ಅರ್ಧ ಗಂಟೆಯಲ್ಲಿ ನನ್ನ ಗೆಳೆಯನ ಶೂ ಸೋಲ್ ಕಿತ್ತು ಬಂತು. ನಾಲ್ಕು ವರ್ಷದಿಂದ ಬೀರು ಕೆಳಗಿದ್ದ ಶೂ. ಕಾಲಿಟ್ಟಾಗಲೆಲ್ಲ ಚಟಾರ್ ಚಟಾರ್ ಅಂತ ಬಾಯಿ ಬಿಡುತ್ತಿತ್ತು. ವಾಚರ್ ಅಣ್ಣ ತನ್ನ ಕೈಚೀಲದಿಂದ ಕತ್ತಾಳೆ ನಾರಿನ ಹುರಿ ತೆಗೆದ. ಮೊದಲು ಬೆರಳಿನ ಕಡೆ ಎರಡು ಸುತ್ತು ಬಿಗಿದ, ಆಮೇಲೆ ಪಾದದ ಕೆಳಗಿಂದ ಅಡ್ಡ ತಂದು ಹಿಮ್ಮಡಿ ಹಿಂದೆ ದಾಟಿಸಿ, ಲೇಸ್ ಕಟ್ಟುವ ಜಾಗದಲ್ಲಿ ಗಂಟು ಹಾಕಿದ. ಗಂಟಿನ ಮೇಲೆ ಉಗುಳು ಹಚ್ಚಿ ಇನ್ನೊಂದು ಸಲ ಎಳೆದ. ಎರಡು ನಿಮಿಷದ ಕೆಲಸ. ಆ ಹುರಿ ಮನೆ ತಲುಪುವವರೆಗೂ ಬಿಚ್ಚಲಿಲ್ಲ.

ಅಸಲಿ ಫಜೀತಿ ಭಾವಮೈದನದ್ದು. ಹನ್ನೊಂದೂವರೆ ಹೊತ್ತಿಗೆ ತೊಡೆ ಹಿಡಿದುಕೊಂಡಿತು ಅಂದ, ತಲೆನೋವು ಅಂದ, ಆಮೇಲೆ ವಾಂತಿ. ಸರಿ, ಪಿತ್ತ ಆಗಿರಬೇಕು ಅಂದುಕೊಂಡೆವು. ಆಮೇಲೆ ‘ಬೈಕ್ ಕೀ ಎಲ್ಲಿ?’ ಅಂತ ಕೇಳಿದ. ಕೀ ಅವನ ಕೈಯಲ್ಲೇ ಇತ್ತು. ನಿನ್ನ ಕೈಯಲ್ಲೇ ಇದೆಯಲ್ಲೋ ಅಂದರೆ ಹೂಂ ಅಂದು, ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮೂರನೇ ಸಲ ಕೇಳಿದಾಗ ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯ್ತು. ನೆಟ್‌ವರ್ಕ್ ಇಲ್ಲ, ಹಿಂದೆ ಗೋಡೆ, ಮುಂದೆ ಗೋಡೆ. ಗುಡ್ಡವಾದರೆ ಸುಸ್ತಾದವನನ್ನು ಹೇಗೋ ಕೆಳಗಿಳಿಸಬಹುದು. ಇಲ್ಲಿ ಸುಸ್ತಾದವನನ್ನು ಮೇಲಕ್ಕೆ ಹತ್ತಿಸಬೇಕಿತ್ತು.

ವಾಚರ್ ಅಣ್ಣ ಚಾಚಿಕೊಂಡಿದ್ದ ಒಂದು ಬಂಡೆಯ ಕೆಳಗೆ ಅವನನ್ನು ಮಲಗಿಸಿದ. ಅಂಗಿ ಬಿಚ್ಚಿಸಿ, ಆ ಪಾಚಿ ನೀರಿನಲ್ಲೇ ಟವೆಲ್ ನೆನೆಸಿ ತಂದು ಕುತ್ತಿಗೆ, ಕಂಕುಳಿಗೆ ಇಟ್ಟ. ಅದಕ್ಕಾಗಿ ಮೂರು ಸಲ ಕೆಳಗೆ ಇಳಿದು ಹತ್ತಿದ್ದಾನೆ ಪುಣ್ಯಾತ್ಮ. ನಾವಿಬ್ಬರೂ ಊಟದ ತಟ್ಟೆ ಹಿಡಿದು ಗಾಳಿ ಬೀಸಿದೆವು. ಅಣ್ಣನ ಹತ್ತಿರ ಒಂದು ಬಾಟಲಿ ಉಪ್ಪು ಹಾಕಿದ ಮಜ್ಜಿಗೆ ಇತ್ತು, ಭಾವಮೈದ ಸ್ವಲ್ಪ ಚೇತರಿಸಿಕೊಂಡ ಮೇಲೆ ಗುಟುಕು ಗುಟುಕಾಗಿ ಕುಡಿಸಿದ. ಒಂದು ಗಂಟೆ ಬಿಟ್ಟು ಅವನು ‘ಮಂಡಕ್ಕಿ ಉಳಿದಿದೆಯಾ?’ ಅಂದ. ಆಗ ಜೀವ ಬಂತು ನಮಗೆ. ನಾಲ್ಕು ಗಂಟೆವರೆಗೂ ಅಲ್ಲೇ ಕೂತಿದ್ದು, ಆಮೇಲೆ ಹತ್ತು ಹೆಜ್ಜೆಗೊಮ್ಮೆ ನಿಂತು ಹತ್ತಿ, ಮೇಲೆ ಬಂದಾಗ ಆರೂವರೆ. ಮಾರನೇ ದಿನ ಡಾಕ್ಟರಿಗೆ ತೋರಿಸಿದೆವು, ಈಗ ಆರಾಮಾಗಿದ್ದಾನೆ.

ನಿಮ್ಮಲ್ಲಿ ಯಾರಾದರೂ ಬೇಸಿಗೆಯಲ್ಲಿ ಇಂಥ ಕಡೆ ಇಳಿದಿದ್ದೀರಾ? ನೀರಿನ ಲೆಕ್ಕ ಹೇಗೆ ಹಾಕ್ತೀರಿ?

ಕಾಲು ನಿಲ್ಲದವ

ಅಣ್ಣ ಕಥೆ ಸಖತ್. ಆದರೆ ಯಾವ ಕೊಳ್ಳ ಅಂತ ಹೇಳದೆ ಹೋದರೆ ಹೇಗೆ? ಲೊಕೇಶನ್ ಹಾಕಿ. ಮುಂದಿನ ಭಾನುವಾರ ನಾವು ಎಂಟು ಜನ ಫ್ರೀ ಇದ್ದೀವಿ.

ಕೋಟೆ ಕೆಳಗಿನವನು

ಇದಕ್ಕೇ ತಮ್ಮಾ ಹೇಳಲ್ಲ ಅಂದಿದ್ದು. ಮೇಲೆ ಬರೆದಿದ್ದನ್ನೆಲ್ಲ ಓದಿ, ಮೇ ತಿಂಗಳಲ್ಲೇ, ಎಂಟು ಜನ! ಅದು ವನ್ಯಜೀವಿಧಾಮ. ಕರಡಿ ಇದೆ, ಚಿರತೆ ಇದೆ. ನವೆಂಬರ್‌ನಲ್ಲಿ ಬನ್ನಿ, ನಾನೇ ಕರೆದುಕೊಂಡು ಹೋಗ್ತೀನಿ. ಅಲ್ಲಿಯವರೆಗೆ ಚಂದ್ರವಳ್ಳಿಗೆ ಹೋಗಿ, ಬೆಳಿಗ್ಗೆ ಆರಕ್ಕೆ.

ಕಾಲು ನಿಲ್ಲದವ

ಚಂದ್ರವಳ್ಳಿ ಸ್ಕೂಲ್ ಟ್ರಿಪ್‌ನಲ್ಲಿ ನೋಡಿದ್ದೀವಿ ಬಿಡಿ. ಕೆರೆ, ದೇವಸ್ಥಾನ, ಅಂಕಲಿ ಮಠ. ಮುಗೀತು.

ಹೊಳಲ್ಕೆರೆ ಮೇಷ್ಟ್ರು

ಮುಗೀತು ಅನ್ನಬೇಡಪ್ಪ. ಚಂದ್ರವಳ್ಳಿಯೂ ಗುಡ್ಡಗಳ ನಡುವಿನ ಕಣಿವೆಯೇ. ಭೈರವೇಶ್ವರ ಗುಡಿ ಹತ್ತಿರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ಕೆರೆ ಕಟ್ಟಿಸಿದ ವಿಷಯ. 1929ರ ಸುಮಾರಿಗೆ ಎಂ.ಎಚ್. ಕೃಷ್ಣ ಅವರು ಅಲ್ಲಿ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಮತ್ತೆ ಅಗೆದರು. ರೋಮನ್ ನಾಣ್ಯ ಸಿಕ್ಕಿದ ಜಾಗ ಅದು. ಮಯೂರಶರ್ಮನ ಕಾಲದವರಿಗೆ ಎಲ್ಲಕ್ಕಿಂತ ಮೊದಲು ಹೊಳೆದಿದ್ದು ಏನು ನೋಡಿ, ಕಣಿವೆಯಲ್ಲಿ ನೀರು ಹಿಡಿದು ನಿಲ್ಲಿಸಬೇಕು ಅಂತ. ನೀವು ಅಂಥದೇ ಕಣಿವೆಗೆ ಹೋಗಿ ಇದ್ದ ನೀರಲ್ಲಿ ಡಬ್ಬಿ ತೊಳೆದು ಬಂದಿದ್ದೀರಿ.

ತಮಾಷೆ ಇರಲಿ. ಒಂದೆರಡು ವಿಷಯ ಹೇಳ್ತೀನಿ, ವಿಜ್ಞಾನದ ಮೇಷ್ಟ್ರು ನಾನು, ನಿವೃತ್ತಿಯಾದರೂ ಚಟ ಬಿಟ್ಟಿಲ್ಲ.

ಕೊಳ್ಳದಲ್ಲಿ ಎರಡೂ ಕಡೆ ಗೋಡೆ ಇದೆ, ನೆರಳು ಸಿಗುತ್ತೆ ಅಂತ ಜನ ಅಂದುಕೊಳ್ಳುತ್ತಾರೆ. ಬೆಳಿಗ್ಗೆ ಸಿಗುತ್ತೆ, ಸಂಜೆ ಸಿಗುತ್ತೆ. ಆದರೆ ನಮ್ಮ ದುರ್ಗ ಇರೋದು ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಅಂಗಳದಲ್ಲಿ ಕೋಲು ನೆಟ್ಟರೆ ನೆರಳೇ ಬೀಳಲ್ಲ, ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ತೋರಿಸುತ್ತಿದ್ದೆ. ಮೇ ಮಧ್ಯದಲ್ಲೂ ನೆತ್ತಿಯಿಂದ ನಾಲ್ಕೈದು ಡಿಗ್ರಿ ಮಾತ್ರ ಆಚೆ ಇರುತ್ತಾನೆ. ನಮ್ಮ ಗಡಿಯಾರದಲ್ಲಿ ಅದು ಹನ್ನೆರಡು ಗಂಟೆಗಲ್ಲ, ಸುಮಾರು 12.20ಕ್ಕೆ. ಆ ಹೊತ್ತಿನಲ್ಲಿ ಬಾವಿಯಂಥ ಕೊಳ್ಳದ ತಳಕ್ಕೂ ಬಿಸಿಲು ನೇರ ಇಳಿಯುತ್ತೆ. ಡಿಸೆಂಬರ್‌ನಲ್ಲಿ ಹಾಗಲ್ಲ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಒಂದು ಗೋಡೆ ದಿನವಿಡೀ ನೆರಳು ಕೊಡಬಹುದು.

ಇನ್ನೊಂದು ಕಲ್ಲು. ಕೋಟೆ ಗುಡ್ಡದ ಕಲ್ಲು ಗ್ರಾನೈಟ್, ಬಿಳುಪು ಬಣ್ಣ. ಜೋಗಿಮಟ್ಟಿ ಸಾಲಿನಲ್ಲಿ ಕಪ್ಪು-ಹಸಿರು ಛಾಯೆಯ ಹಳೇ ಲಾವಾ ಕಲ್ಲು ಜಾಸ್ತಿ. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಕೇಳಿರಬೇಕು, ಸಮುದ್ರದ ನೀರಿನೊಳಗೆ ಉಕ್ಕಿ ಗಟ್ಟಿಯಾಗಿದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇದೂ ಅದೇ ಶಿಲಾಪಟ್ಟಿ. ಕಪ್ಪು ಕಲ್ಲು ಬಿಸಿಲು ಜಾಸ್ತಿ ಹೀರುತ್ತೆ, ಎರಡು ಗೋಡೆಗಳೂ ಎದುರುಬದುರು ಕೂತು ಆ ಕಾವನ್ನು ನಿಮ್ಮ ಮೇಲೆ ಉಗುಳುತ್ತವೆ, ಗಾಳಿಯೂ ಆಡಲ್ಲ. ಹಂಚಿನ ಮೇಲೆ ರೊಟ್ಟಿ ಹಾಕಿ ಮೇಲಿಂದ ಇನ್ನೊಂದು ಹಂಚು ಮುಚ್ಚಿದ ಹಾಗೆ.

ವಾರ್ಡಿನ ಅಕ್ಕ

ನಾನು ದಾವಣಗೆರೆಯಲ್ಲಿ ನರ್ಸ್. ಭಾವಮೈದ ಕೀ ಕೇಳಿದ ಭಾಗ ಓದಿ ಕೈ ತಣ್ಣಗಾಯ್ತು. ಸ್ವಲ್ಪ ಬಿಡಿಸಿ ಹೇಳ್ತೀನಿ.

ಬಿಸಿಲಿಗೆ ಬಳಲೋದು ಬೇರೆ, ಬಿಸಿಲು ಬಡಿಯೋದು ಬೇರೆ. ತಲೆಸುತ್ತು, ವಾಂತಿ, ಸ್ನಾಯು ಹಿಡಿದುಕೊಳ್ಳೋದು, ವಿಪರೀತ ಬೆವರು, ಇದು ಬಳಲಿಕೆ. ನೆರಳು, ನೀರು, ಉಪ್ಪು, ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತೆ. ಆದರೆ ಮನುಷ್ಯ ಏನೇನೋ ಮಾತಾಡೋಕೆ ಶುರು ಮಾಡಿದ, ಕೇಳಿದ್ದನ್ನೇ ಕೇಳ್ತಾನೆ, ತೂರಾಡ್ತಾನೆ, ಕರೆದರೆ ಸರಿಯಾಗಿ ಓಗೊಡಲ್ಲ ಅಂದರೆ ಅದು ಮಿದುಳಿಗೆ ಏರಿದೆ ಅಂತ ಅರ್ಥ. ಮೈ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಬೆವರು ನಿಂತಿರಲೇಬೇಕು ಅಂತೇನಿಲ್ಲ, ಬೆವರುತ್ತಿದ್ದಾನೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಆಗ ಮೊದಲ ಕೆಲಸ ಮೈ ತಣಿಸೋದು, ಏನು ಸಿಗುತ್ತೋ ಅದರಿಂದ. ಪಾಚಿ ನೀರಾದರೂ ಸರಿ, ಮೈಗೆ ಹಾಕೋಕೆ ಏನೂ ತೊಂದರೆ ಇಲ್ಲ. ನೆನೆಸಬೇಕು, ಗಾಳಿ ಬೀಸಬೇಕು. ಎಚ್ಚರ ಸರಿಯಿಲ್ಲದವನ ಬಾಯಿಗೆ ಏನೂ ಹುಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತೆ. ನೆಟ್‌ವರ್ಕ್ ಇದ್ದರೆ ತಕ್ಷಣ 108. ನಿಮ್ಮ ವಾಚರ್ ಮಾಡಿದ್ದು ಅಚ್ಚುಕಟ್ಟಾಗಿದೆ, ಯಾರು ಕಲಿಸಿದರೋ ಅವರಿಗೆ ನಮಸ್ಕಾರ. ಆದರೆ ನೀವು ಮಾರನೇ ದಿನದವರೆಗೆ ಕಾದಿದ್ದು ತಪ್ಪು, ಅವತ್ತು ರಾತ್ರಿಯೇ ತೋರಿಸಬೇಕಿತ್ತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದರೆ ಹೊರಗಿಂದ ಗೊತ್ತಾಗಲ್ಲ.

ಕೋಟೆ ಕೆಳಗಿನವನು

ಅಕ್ಕ, ನಿಜ ಹೇಳಬೇಕಂದರೆ ಅವತ್ತು ರಾತ್ರಿ ನಮ್ಮನೆಯವಳಿಗೆ ಹೇಳೋಕೆ ಹೆದರಿ ಸುಮ್ಮನಿದ್ದೆವು. ಅವಳ ತಮ್ಮ ಅಲ್ವಾ. ಬೆಳಿಗ್ಗೆ ಗೊತ್ತಾಗಿ ಆಸ್ಪತ್ರೆಗೆ ಅಟ್ಟಿದ್ದೇ ಅವಳು.

ಬೆಣ್ಣೆದೋಸೆ

ಒಬ್ಬರಿಗೆ 3 ಲೀಟರ್ ಯಾವ ಮೂಲೆಗೆ? ನಾನಂತೂ 6 ಲೀಟರ್ ಹೊರುತ್ತೇನೆ, ಗಂಟೆಗೊಂದು ಲೀಟರ್ ಹೊಟ್ಟೆಗೆ ಸುರಿದುಕೊಂಡರೆ ಏನೂ ಆಗಲ್ಲ. ನೀರು ಕುಡೀರಿ, ನೀರು ಕುಡೀರಿ, ನೀರು ಕುಡೀರಿ. ಇಷ್ಟೇ ಮಂತ್ರ.

ವಾರ್ಡಿನ ಅಕ್ಕ

ದೋಸೆಯವರೇ, ಬರೀ ನೀರು ಸುರಿದುಕೊಂಡರೂ ಅಪಾಯ ಇದೆ. ಬೆವರಿನಲ್ಲಿ ಉಪ್ಪು ಹೋಗಿರುತ್ತೆ, ಮೇಲಿಂದ ಬರೀ ನೀರು ತುಂಬಿಸಿದರೆ ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತೆ. ಅದಕ್ಕೂ ತಲೆನೋವು, ವಾಂತಿ, ಗಲಿಬಿಲಿ, ಕೊನೆಗೆ ಫಿಟ್ಸ್ ಕೂಡ. ನೋಡೋಕೆ ಬಿಸಿಲು ಬಡಿದ ಹಾಗೇ ಕಾಣುತ್ತೆ, ಜನ ಇನ್ನೂ ನೀರು ಕುಡಿಸುತ್ತಾರೆ! ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ, ಜೊತೆಗೆ ಉಪ್ಪಿನದ್ದು ಏನಾದರೂ ತಿನ್ನುತ್ತಾ ಇರಿ. ನಿಮ್ಮೂರಿನ ಖಾರಾ ಮಂಡಕ್ಕಿ ಏನು ಕಮ್ಮಿ? ಓಆರ್‌ಎಸ್ ಪುಡಿ ಎರಡು ಪೊಟ್ಟಣ ಜೇಬಿನಲ್ಲಿರಲಿ, ಕವರ್ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತೆ, ಅಷ್ಟಕ್ಕೇ ಹಾಕಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಹಾಕಬೇಡಿ.

ಹಟ್ಟಿ ಹುಡುಗ

ನಮ್ಮದು ಚಳ್ಳಕೆರೆ ಕಡೆ, ಕುರಿ ಮನೆತನ. ಈ ಲೀಟರ್ ಲೆಕ್ಕ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಮ್ಮ ತಾತ ದಿನಾ ಗುಡ್ಡಕ್ಕೆ ಹೋಗುತ್ತಿದ್ದ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಸೋರೆಬುರುಡೆ ನೀರು, ಅಷ್ಟೇ. ಹಾಗಂತ ಅವನಿಗೆ ಬಾಯಾರುತ್ತಿರಲಿಲ್ಲ ಅಂತಲ್ಲ. ಅವನು ಬಿಸಿಲಲ್ಲಿ ನಡೆಯುತ್ತಲೇ ಇರಲಿಲ್ಲ. ಕೋಳಿ ಕೂಗೋ ಹೊತ್ತಿಗೆ ರಾಗಿ ಅಂಬಲಿ ಕುಡಿದು ಹೊರಟರೆ ಹತ್ತು ಗಂಟೆಗೆಲ್ಲ ಕಮರದ ಮರದ ಕೆಳಗೆ. ಕುರಿಗಳೂ ಅಷ್ಟೇ, ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ಗುಂಪಾಗಿ ನಿಂತುಬಿಡುತ್ತವೆ. ಮತ್ತೆ ಎದ್ದರೆ ಮೂರೂವರೆ ನಾಲ್ಕಕ್ಕೇ. ಮಧ್ಯದಲ್ಲಿ ಊರಿಗೆ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ.

ಕಂಬಳಿ ಯಾಕೆ ತಾತ ಬೇಸಿಗೇಲಿ ಅಂದರೆ, ನೀನು ಬರಿಮೈಯಲ್ಲಿ ಅರ್ಧ ಗಂಟೆ ನಿಲ್ಲು, ನಾನು ಕೊಪ್ಪೆ ಹಾಕಿಕೊಂಡು ನಿಲ್ತೀನಿ ನೋಡೋಣ ಅನ್ನುತ್ತಿದ್ದ. ಈಗಿನವರು ತೋಳಿಲ್ಲದ ಬನಿಯನ್ನು, ಚಡ್ಡಿ ಹಾಕಿಕೊಂಡು ಬಂದು ಸುಟ್ಟುಕೊಂಡು ಹೋಗುತ್ತಾರೆ. ತೆಳು ಹತ್ತಿಯ ತುಂಬು ತೋಳಿನ ಅಂಗಿ, ತಲೆಗೆ ಟವೆಲ್. ಸಾಕು.

ಮತ್ತೆ ಒಂದು ಮಾತು, ಹೆಜ್ಜೇನು. ಯಾರೂ ಅದರ ಸುದ್ದಿ ಎತ್ತಲಿಲ್ಲ. ಕೊಳ್ಳದ ಗೋಡೆ ಚಾಚಿದ ಕಡೆ ಹಲ್ಲೆ ಕಟ್ಟಿರುತ್ತವೆ. ಕೂಗಾಡೋದು, ಕಲ್ಲು ಎಸೆಯೋದು, ಬೀಡಿ ಸಿಗರೇಟ್, ಘಂ ಅನ್ನೋ ಸೆಂಟು, ಯಾವುದೂ ಬೇಡ. ಎದ್ದರೆ ಬಯಲಲ್ಲಾದರೂ ಓಡಬಹುದು, ಕೊಳ್ಳದಲ್ಲಿ ಎಲ್ಲಿಗೆ ಓಡ್ತೀರಿ? ಇತ್ತೀಚೆಗೆ ಡ್ರೋನ್ ಹಾರಿಸೋರು ಬೇರೆ ಬರ್ತಾರೆ. ಜೇನಿನ ಮುಂದೆ ಡ್ರೋನು!

ಕಾಲು ನಿಲ್ಲದವ

ಡ್ರೋನ್ ನಮ್ಮ ಹತ್ರನೂ ಇದೆ... ಹಾರಿಸಲ್ಲ ಬಿಡಿ.

ಮಾರಿಕಣಿವೆ1907

ಹಿರಿಯೂರಿನಿಂದ ನನ್ನದೂ ಒಂದು. ಕಣಿವೆ ಅಂದರೆ ನಮಗೆ ಮಾರಿಕಣಿವೆಯೇ. ವೇದಾವತಿ ಎರಡು ಗುಡ್ಡಗಳ ನಡುವೆ ನುಸುಳಿ ಬರೋ ಆ ಇಕ್ಕಟ್ಟು ನೋಡಿಯೇ ಅಲ್ಲಿ ಅಣೆಕಟ್ಟೆ ಕಟ್ಟಿದ್ದು, 1898ರಲ್ಲಿ ಶುರುವಾಗಿ 1907ರಲ್ಲಿ ಮುಗೀತು. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಬಿದ್ದಿದ್ದು 2022ರಲ್ಲೇ. ನಮ್ಮಪ್ಪ ಕಾದು ಕಾದು ನೋಡದೇ ಹೋದರು, ನಾನು ನೋಡಿದೆ.

ಹೇಳೋಕೆ ಹೊರಟಿದ್ದು ಬೇರೆ. ಮೇ ತಿಂಗಳಲ್ಲಿ ಬಿಸಿಲಿನಷ್ಟೇ ಮಳೆಗೂ ಹೆದರಬೇಕು. ಭರಣಿ, ಕೃತ್ತಿಕೆ ಮಳೆ ನಮ್ಮ ಕಡೆ ಮಧ್ಯಾಹ್ನದ ಮೇಲೆಯೇ ಗುಡುಗಿಕೊಂಡು ಬರೋದು. ನೀವಿದ್ದ ಕಡೆ ಹನಿ ಬೀಳದಿದ್ದರೂ ಮೇಲಿನ ಗುಡ್ಡದಲ್ಲಿ ಅರ್ಧ ಗಂಟೆ ಹೊಡೆದರೆ ಸಾಕು, ಕಲ್ಲು ಗುಡ್ಡ ನೀರು ಕುಡಿಯಲ್ಲ, ಅಷ್ಟೂ ಹಳ್ಳಕ್ಕೆ ನುಗ್ಗುತ್ತೆ. ಕೆಮ್ಮಣ್ಣು ಬಣ್ಣದ ನೀರು, ಕಸಕಡ್ಡಿ ತಳ್ಳಿಕೊಂಡು. ಒಮ್ಮೆ ನಾನು ಹಳ್ಳದ ಮಧ್ಯೆ ಬೈಕ್ ನಿಲ್ಲಿಸಿ ಫೋನಲ್ಲಿ ಮಾತಾಡುತ್ತಿದ್ದೆ. ಮೊದಲು ಬಂದಿದ್ದು ನೀರಲ್ಲ, ಹಸಿ ಮಣ್ಣಿನ ವಾಸನೆ ಮತ್ತೆ ಗುಳುಗುಳು ಶಬ್ದ. ಬೈಕ್ ತಳ್ಳಿಕೊಂಡು ದಡ ಹತ್ತುವಷ್ಟರಲ್ಲಿ ಮೊಣಕಾಲುದ್ದ ಬಂದಿತ್ತು. ನೀವು ನಾಲ್ಕು ಗಂಟೆವರೆಗೆ ಕೊಳ್ಳದೊಳಗೆ ಕೂತಿದ್ದಿರಿ ಅಂತ ಓದಿದಾಗ ನನಗೆ ಮೊದಲು ನೆನಪಾಗಿದ್ದು ಅದೇ. ಮೋಡ ಹೇಗಿತ್ತು?

ಕೋಟೆ ಕೆಳಗಿನವನು

ಮೂರು ಗಂಟೆಗೆ ಪಶ್ಚಿಮದ ಕಡೆ ಕಪ್ಪಾಗಿತ್ತು. ಗುಡುಗೂ ಕೇಳಿಸ್ತು. ವಾಚರ್ ಅಣ್ಣ ನಮ್ಮನ್ನು ಹಳ್ಳದ ಪಾತ್ರದಿಂದ ನಾಲ್ಕಾಳು ಎತ್ತರದ ಬಂಡೆ ಕೆಳಗೆ ಯಾಕೆ ಕೂರಿಸಿದ ಅಂತ ನೀವು ಹೇಳಿದ ಮೇಲೆ ಈಗ ಅರ್ಥ ಆಗ್ತಿದೆ. ನಾನು ಬರೀ ನೆರಳಿಗೆ ಅಂದುಕೊಂಡಿದ್ದೆ.

ಪಿ.ಜೆ. ಬಡಾವಣೆ ಅಜ್ಜ

ದಾವಣಗೆರೆಯಿಂದ ನಮಸ್ಕಾರ. ಮಗಳು ಅಮೆರಿಕದಲ್ಲಿದ್ದಾಳೆ. ಹೋದ ವರ್ಷ ಜೂನ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರೆದುಕೊಂಡು ಹೋಗಿದ್ದಳು. ನಿಮ್ಮ ಕಥೆ ಓದಿ ಅದೆಲ್ಲ ನೆನಪಾಯ್ತು, ಅಲ್ಲಿನವರು ಈ ರೋಗಕ್ಕೆ ಮದ್ದು ಅರೆದು ಇಟ್ಟುಕೊಂಡಿದ್ದಾರೆ.

ಆ ದೊಡ್ಡ ಕೊಳ್ಳದ ದಕ್ಷಿಣ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ! ಕೆಳಗೆ ಕೊಲೊರಾಡೊ ನದಿ ಹತ್ತಿರದ ತಂಗುದಾಣ ಸುಮಾರು 750 ಮೀಟರ್, ಅಂದರೆ ಹೆಚ್ಚುಕಮ್ಮಿ ನಮ್ಮ ಚಿತ್ರದುರ್ಗ ಪೇಟೆಯ ಮಟ್ಟ. ಮುಳ್ಳಯ್ಯನಗಿರಿ ತುದಿಯಿಂದ ಒಂದೇ ಉಸಿರಿಗೆ ದುರ್ಗಕ್ಕೆ ಇಳಿದು ಅವತ್ತೇ ವಾಪಸ್ ಹತ್ತಿದ ಹಾಗೆ ಲೆಕ್ಕ ಹಾಕಿಕೊಳ್ಳಿ. ಬೆಳಿಗ್ಗೆ ಅಂಚಿನಲ್ಲಿ ನಾನು ಸ್ವೆಟರ್ ಹಾಕಿಕೊಂಡಿದ್ದೆ, ಅವತ್ತೇ ತಳದಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತೆ ಅಂತ ಬೋರ್ಡ್ ಹಾಕಿದ್ದರು. ಬೇಸಿಗೆಯಲ್ಲಿ ನದಿಯವರೆಗೆ ಹೋಗಿ ಒಂದೇ ದಿನದಲ್ಲಿ ವಾಪಸ್ ಬರೋ ಸಾಹಸ ಮಾಡಲೇಬೇಡಿ, ಹತ್ತರಿಂದ ನಾಲ್ಕರವರೆಗೆ ಬಿಸಿಲಲ್ಲಿ ನಡೆಯಬೇಡಿ ಅಂತ ಎಲ್ಲ ಕಡೆ ಎಚ್ಚರಿಕೆ. ಇಳಿಯೋಕೆ ಹಿಡಿದ ಹೊತ್ತಿಗೆ ಎರಡು ಪಟ್ಟು ಹತ್ತೋಕೆ ಇಟ್ಟುಕೊಳ್ಳಿ ಅಂತಲೂ ಇತ್ತು. ಕೋಟೆಯವರೇ, ನೀವು ಒಂದೂಮುಕ್ಕಾಲು ಗಂಟೆಯಲ್ಲಿ ಇಳಿದಿದ್ದೀರಿ. ಅಂದರೆ ಹತ್ತೋಕೆ ಮೂರೂವರೆ. ಎಂಟೂಕಾಲಿಗೇ ತಿರುಗಿದ್ದರೂ ಹನ್ನೆರಡರ ಹತ್ತಿರ ಆಗುತ್ತಿತ್ತು.

ನಾವು ಬ್ರೈಟ್ ಏಂಜೆಲ್ ಅನ್ನೋ ದಾರಿಯಲ್ಲಿ ಮೊದಲ ವಿಶ್ರಾಂತಿ ಮನೆವರೆಗೆ ಮಾತ್ರ ಇಳಿದೆವು, ಸುಮಾರು ಎರಡೂವರೆ ಕಿಲೋಮೀಟರ್. ಅಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರು ಬಿಡುತ್ತಾರೆ. ದಾರಿಯಲ್ಲಿ ಹೇಸರಗತ್ತೆಗಳ ಸಾಲು ಬಂದರೆ ಗುಡ್ಡದ ಗೋಡೆ ಕಡೆಗೆ ಸರಿದು ನಿಲ್ಲಬೇಕು, ಕಮರಿ ಕಡೆಗಲ್ಲ. ಅರ್ಧ ದಾರಿಯಲ್ಲಿ ಒಬ್ಬ ಸ್ವಯಂಸೇವಕಿ ನಿಂತುಕೊಂಡು ಇಳಿಯುವವರನ್ನೆಲ್ಲ ಮಾತಾಡಿಸುತ್ತಿದ್ದಳು, ಎಲ್ಲಿವರೆಗೆ, ಎಷ್ಟು ನೀರು, ತಿನ್ನೋಕೆ ಏನಿದೆ ಅಂತ. ಬೈಯೋದಿಲ್ಲ, ತಡೆಯೋದಿಲ್ಲ, ನಗುನಗುತ್ತಾ ಕೇಳುತ್ತಾಳೆ. ನನ್ನ ಮುಂದೆ ಒಬ್ಬ ಹುಡುಗ ಅರ್ಧ ಲೀಟರ್ ಬಾಟಲಿ ಹಿಡಿದು ನದಿಗೆ ಹೊರಟಿದ್ದ. ಐದು ನಿಮಿಷ ಮಾತಾಡಿ ಅವನನ್ನು ವಾಪಸ್ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ ವಯಸ್ಸೆಷ್ಟು ಅಂತ ಕೇಳಿದಳು, 68 ಅಂದೆ. ನನ್ನ ಚೀಲದಲ್ಲಿ ಚಕ್ಕುಲಿ ಇತ್ತು, ತೋರಿಸಿದೆ. ಉಪ್ಪಿದೆಯಾ ಅಂದಳು, ಹೂಂ ಅಂದೆ. ಪಾಸ್!

ಇಳಿಯೋಕೆ ಮುಕ್ಕಾಲು ಗಂಟೆ ಹಿಡಿದಿತ್ತು. ಹತ್ತೋಕೆ ಎರಡು ಗಂಟೆ. ಮಗಳು ಪಾಪ ನನ್ನ ಹಿಂದೆಯೇ ನಿಧಾನಕ್ಕೆ ಬರುತ್ತಿದ್ದಳು, ಫೋಟೋ ತೆಗೆಯೋ ನೆಪ ಮಾಡಿಕೊಂಡು.

ಬೆಣ್ಣೆದೋಸೆ

ಅಜ್ಜಾ, ಮುಳ್ಳಯ್ಯನಗಿರಿಯಿಂದ ದುರ್ಗಕ್ಕೆ ಅಂದಾಗ ಲೆಕ್ಕ ತಲೆಗೆ ಹೋಯ್ತು ನೋಡಿ. ನಾನು ನೀರಿನ ಮಂತ್ರ ವಾಪಸ್ ತಗೊಂಡೆ. ಚಕ್ಕುಲಿ ಮಂತ್ರ ಶುರು.

ಆದರೆ ಒಂದು ತಕರಾರು. ಅಲ್ಲಿ ನಲ್ಲಿ, ಬೋರ್ಡು, ಸ್ವಯಂಸೇವಕಿ ಎಲ್ಲ ಇದೆ. ನಮ್ಮಲ್ಲಿ ಅನುಮತಿ ಕೇಳೋಕೆ ಹೋದರೇ ನಾಳೆ ಬನ್ನಿ, ಸಾಹೇಬರಿಲ್ಲ ಅಂತ ಮೂರು ದಿನ ಓಡಾಡಿಸುತ್ತಾರೆ. ನನಗೆ ಒಂದು ಕಡೆ ಹೀಗೇ ಆಗಿತ್ತು. ಹಾಗಾಗಿ ಹುಡುಗರು ಹೇಳದೇ ಕೇಳದೇ ನುಗ್ಗುತ್ತಾರೆ.

ಹೊಳಲ್ಕೆರೆ ಮೇಷ್ಟ್ರು

ಓಡಾಡಿಸೋದು ನಿಜ. ಆದರೆ ನುಗ್ಗಿದವನು ಸಿಕ್ಕಿಹಾಕಿಕೊಂಡರೆ ಹುಡುಕೋಕೆ ಹೋಗೋದೂ ಅದೇ ವಾಚರ್‌ಗಳೇ, ಅದೇ ಬಿಸಿಲಲ್ಲಿ. ಅವರ ಕಾಲಲ್ಲಿ ಎಂಥ ಚಪ್ಪಲಿ ಇರುತ್ತೆ ಅಂತ ನೋಡಿದ್ದೀರಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗೋದು ಅಪರಾಧ ಅನ್ನೋದು ಒಂದು ಕಡೆ ಇರಲಿ. ನೀವು ಯಾವ ಕಡೆ ಇಳಿದಿರಿ ಅಂತ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲದಿದ್ದರೆ ಎಲ್ಲಿ ಅಂತ ಹುಡುಕೋದು? ಅನುಮತಿ ಪತ್ರದಲ್ಲಿ ಅದಾದರೂ ಬರೆದಿರುತ್ತೆ.

ಹಟ್ಟಿ ಹುಡುಗ

ಮೇಷ್ಟ್ರು ಹೇಳಿದ್ದು ಸರಿ. ಕೋಟೆ ಅಣ್ಣ, ಆ ವಾಚರ್ ಅಣ್ಣನಿಗೆ ಏನಾದರೂ ಕೊಟ್ಟಿರಾ?

ಕೋಟೆ ಕೆಳಗಿನವನು

ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಮೊನ್ನೆ ಮೂರೂ ಜನ ಅವನ ಮನೆ ಹುಡುಕಿಕೊಂಡು ಹೋಗಿದ್ದೆವು, ಒಂದು ಜೊತೆ ಶೂ ತಗೊಂಡು. ಅಳತೆ ಗೊತ್ತಿರಲಿಲ್ಲ, ಅಂದಾಜಿನ ಮೇಲೆ 9ನೇ ನಂಬರ್ ತಂದಿದ್ದೆವು. ಹಾಕಿ ನೋಡಿದ, ಸಡಿಲ ಆಯ್ತು. ‘ಇರಲಿ ಬಿಡಿ ಸರ್, ಎರಡು ಸಾಕ್ಸ್ ಹಾಕ್ಕೋತೀನಿ’ ಅಂದ. ಅಂಗಡಿಯವನು ಬದಲಾಯಿಸಿ ಕೊಡ್ತೀನಿ ಅಂದಿದ್ದಾನೆ, 8 ತಂದು ಕೊಡಬೇಕು.

ಆಗ ಅವನನ್ನೇ ಕೇಳಿದೆ, ಅಣ್ಣ ಅವತ್ತು ಮೂರನೇ ಸಲ ಯಾಕೆ ಏನೂ ಹೇಳಲಿಲ್ಲ ಅಂತ. ‘ಎರಡು ಸಲ ಹೇಳಿದ್ದೆನಲ್ಲ ಸರ್, ಆಮೇಲೆ ನಿಮ್ಮನ್ನ ಎಲ್ಲಿ ಕೂರಿಸಬೇಕು ಅಂತ ಯೋಚನೆ ಮಾಡ್ತಿದ್ದೆ’ ಅಂದ. ನಾನು ನೆಲ ನೋಡಿದೆ. ಭಾವಮೈದ ಮಾತ್ರ ಪಕ್ಕದಲ್ಲಿ ನಗುತ್ತಾ ಟೀ ಕುಡಿಯುತ್ತಿದ್ದ.

ವಾರ್ಡಿನ ಅಕ್ಕ

ಭಾವಮೈದನಿಗೆ ಹೇಳಿ, ಒಮ್ಮೆ ಹೀಗಾದವರಿಗೆ ಸ್ವಲ್ಪ ದಿನ ಬಿಸಿಲು ಬೇಗ ತಾಗುತ್ತೆ. ಈ ಬೇಸಿಗೆ ಮುಗಿಯೋವರೆಗೆ ಗುಡ್ಡ ಗಿಡ್ಡ ಬೇಡ. ಡಾಕ್ಟರ್ ರಕ್ತ ಪರೀಕ್ಷೆ ಬರೆದಿದ್ದರೆ ತಪ್ಪಿಸಬೇಡಿ.

ಕಾಲು ನಿಲ್ಲದವ

ಅಣ್ಣ, ನವೆಂಬರ್‌ಗೆ ನಮ್ಮ ಎಂಟೂ ಜನರ ಹೆಸರು ಬರೆದುಕೊಳ್ಳಿ. ಡ್ರೋನ್ ಮನೆಯಲ್ಲೇ. ಚಕ್ಕುಲಿ ತರ್ತೀವಿ.

ಪಿ.ಜೆ. ಬಡಾವಣೆ ಅಜ್ಜ

ನನ್ನದೂ ಬರೆದುಕೊಳ್ಳಿ. ತಳದವರೆಗೆ ಬರಲ್ಲ, ಅರ್ಧ ದಾರಿಯಲ್ಲಿ ಕುರ್ಚಿ ಹಾಕಿಕೊಂಡು ಕೂರ್ತೀನಿ. ಯಾರ ಹತ್ತಿರ ಎಷ್ಟು ನೀರಿದೆ ಅಂತ ಕೇಳೋಕೆ.

ಕೋಟೆ ಕೆಳಗಿನವನು

ಅಜ್ಜಾ ಖಂಡಿತ. ಆದರೆ ಒಂದೇ ಸಲ ಹನ್ನೆರಡು ಜನಕ್ಕೆ ಬಿಡಲ್ಲ ಅನ್ನಿಸುತ್ತೆ, ಎರಡು ತಂಡ ಮಾಡಬೇಕು. ದೀಪಾವಳಿ ಮುಗಿದ ಮೇಲಿನ ಭಾನುವಾರ ನೋಡೋಣ. ಹೊರಡೋದು ಐದಕ್ಕೆ, ಐದೂಕಾಲಿಗಲ್ಲ. ಬರೋರೆಲ್ಲ ಗುರುತಿನ ಚೀಟಿಯ ಜೆರಾಕ್ಸ್ ತೆಗೆದಿಟ್ಟುಕೊಳ್ಳಿ, ಶೂ ಹಳೆಯದಾಗಿದ್ದರೆ ಈಗಲೇ ಸೋಲ್ ಎಳೆದು ನೋಡಿ.